ಹಸಿ ಬಾಣಂತಿಯ ಸಾಗರಯಾನ

1793ನೆಯ ಇಸವಿಯ ಮೇ ತಿಂಗಳ ಕೊನೆಯ ಭಾಗ. ಇಂಗ್ಲೆಂಡಿನ ನಾರ್ಥಾಂಪ್ಟನ್ ಪಟ್ಟಣಕ್ಕೆ ಸಮೀಪದಲ್ಲಿರುವ ಪಿಡಿಂಗ್ಟನ್ ಎಂಬ ಹಳ್ಳಿ. ರಾತ್ರಿಯೆಲ್ಲ ಪ್ರಯಾಣ ಮಾಡಿ ದಣಿದ ಇಬ್ಬರು ಗಂಡಸರು ಬೆಳಗಿನ ಉಪಾಹಾರದ ವೇಳೆಗೆ ಅಲ್ಲಿಯ ಒಂದು ಮನೆಯ ಬಾಗಿಲನ್ನು ತಟ್ಟಿದರು. ಒಳಗೆ ಹಸಿ ಬಾಣಂತಿಯೊಬ್ಬಳು ಸುಮಾರು ಮೂರು ವಾರದ ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಬಂದವರಲ್ಲಿ ಒಬ್ಬನು ಆಕೆಯ ಗಂಡ. ತನಗೆ ಹುಟ್ಟಿದ ಆ ಗಂಡುಮಗುವನ್ನು ಆತನು ಕಂಡದ್ದು ಅದೇ ಮೊದಲು.

ಆತನು ಕೇಳಬಂದ ಮಾತು ಒಂದೇ ಒಂದು: ಆಕೆ ಮಕ್ಕಳೊಡನೆ ಹೊರಟು ತನ್ನ ಜೊತೆ ಬಂಗಾಳಕ್ಕೆ ಬರುವಳೇ?

ಬರಲಾರೆನೆಂದಳು ಆಕೆ.

ಗಂಡನ ಹೆಸರು ವಿಲಿಯಂ ಕ್ಯಾರಿ. ಭಾರತದ ಮುದ್ರಣ, ಅನುವಾದ, ವಿದ್ಯಾಭ್ಯಾಸಗಳ ಚರಿತ್ರೆಯನ್ನು ಬರೆಯುವವರು ಯಾರೂ ಈ ಹೆಸರನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ಹೆಂಡತಿಯ ಹೆಸರು ಡಾರೊತಿ. ಇದು ಬಲ್ಲವರು ವಿರಳ. ಬೋಧಿಸತ್ವನು ಹಸುಳೆ ರಾಹುಲನನ್ನೂ ಯಶೋಧರೆಯನ್ನೂ ಮಲಗಿದ್ದಲ್ಲಿಯೇ ಬಿಟ್ಟು ಹೊರಟ ರಾತ್ರಿ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಮಾಸ್ತಿಯವರ 'ಯಶೋಧರಾ' ನಾಟಕವನ್ನು ಓದಿದವರಿಗೆ ಹಿಂದೆ ಉಳಿದವಳ ಅಳಲೂ ಗೊತ್ತು. ಇಲ್ಲಿಯ ಕಥೆ ಅದಕ್ಕೆ ತಿರುವುಮುರುವಾದುದು. ಇಲ್ಲಿ ಧರ್ಮಕಾರ್ಯಕ್ಕೆಂದು ಹೊರಟವನು ತಾಯಿಯನ್ನೂ ಕೂಸನ್ನೂ ಎಬ್ಬಿಸಿ ಜೊತೆಗೆ ಕರೆದೊಯ್ದನು.

ಗೋಡೆಯ ಮೇಲಣ ಭೂಪಟ

ವಿಲಿಯಂ ಕ್ಯಾರಿ ಹುಟ್ಟಿದ್ದು 1761ರಲ್ಲಿ. ಮನೆಯವರು ಬಡವರು. ಹುಡುಗನು ಜೋಡು ಹೊಲಿಯುವ ಕಸುಬನ್ನು ಕಲಿತನು. 1781ರ ಜೂನ್ ತಿಂಗಳಿನಲ್ಲಿ, ಇನ್ನೂ ಇಪ್ಪತ್ತು ತುಂಬದಿರುವಾಗ, ಪಿಡಿಂಗ್ಟನ್ನಿನ ಇಗರ್ಜಿಯಲ್ಲಿ ಡಾರೊತಿ ಪ್ಲ್ಯಾಕೆಟ್ ಎಂಬ ಕನ್ಯೆಯ ಕೈಹಿಡಿದನು. ಆಕೆ ಗಂಡನಿಗಿಂತ ಐದಾರು ವರ್ಷ ಹಿರಿಯಳು. ಓದುಬರಹ ಕಲಿತವಳಲ್ಲ. ಮದುವೆಯ ದಾಖಲೆ ಪುಸ್ತಕದಲ್ಲಿ ಹೆಸರು ಬರೆಯಬೇಕಾದ ಕಡೆ ಆಕೆ ಹಾಕಿದ್ದು ಒಂದು ಅಡ್ಡಗೀಟಿನ ಗುರುತು ಮಾತ್ರ.

ಗಂಡನಾದರೋ ಅಕ್ಷರದ ಹಸಿವಿನಿಂದ ಬೆಂದವನು. ಒಂದು ಕಡೆ ತೊಗಲನ್ನು ಹೊಲಿಯುತ್ತ ಇನ್ನೊಂದು ಕಡೆ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ತಾನಾಗಿಯೇ ಕಲಿತನು. ಬ್ಯಾಪ್ಟಿಸ್ಟ್ ಪಂಥದ ಉಪದೇಶಕನಾದ ಮೇಲೂ ಜೋಡು ಹೊಲಿಯುವುದು ತಪ್ಪಲಿಲ್ಲ. ಉಪದೇಶಕನಿಗೆ ಬರುತ್ತಿದ್ದ ಸಂಭಾವನೆ ಒಲೆ ಹೊತ್ತಿಸಲೂ ಸಾಲದು. ಕೆಲಸದ ಕೋಣೆಯ ಗೋಡೆಗೆ ಹಾಳೆಗಳನ್ನು ಅಂಟಿಸಿ ಕೈಯಾರೆ ಬರೆದ ಪ್ರಪಂಚದ ಭೂಪಟವೊಂದನ್ನು ತೂಗುಹಾಕಿದ್ದನು. ಯಾವ ದೇಶದಲ್ಲಿ ಎಷ್ಟು ಜನ, ಅವರ ಮತ ಯಾವುದು ಎಂಬ ವಿವರಗಳು ಅದರಲ್ಲಿ ತುಂಬಿದ್ದವು. ಆ ಭೂಪಟವೇ ಮುಂದೆ 1792ರಲ್ಲಿ ಅಚ್ಚಾದ ಆತನ ಚಿಕ್ಕ ಪುಸ್ತಕಕ್ಕೆ ಬೀಜವಾಯಿತು. ದೂರದೇಶಗಳಿಗೆ ಹೋಗಿ ಕ್ರಿಸ್ತನ ಸಂದೇಶವನ್ನು ಸಾರುವುದು ಕ್ರೈಸ್ತರ ಕರ್ತವ್ಯವೆಂದು ಅದರ ವಾದ. ಅದೇ ವರ್ಷದ ಅಕ್ಟೋಬರ್ 2ರಂದು ಕೆಟರಿಂಗ್ ಎಂಬ ಊರಿನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೆಲವರು ಕಲೆತು ಒಂದು ಸಂಘವನ್ನು ಸ್ಥಾಪಿಸಿದರು. ಅಂದು ಕೂಡಿಬಂದ ವಾಗ್ದಾನದ ಹಣ ಹದಿಮೂರು ಪೌಂಡಿನ ಮೇಲೆ ಕೆಲವು ಚಿಲ್ಲರೆ.

ಗಂಡನು ಭೂಪಟವನ್ನು ನೋಡುತ್ತಿದ್ದ ಅದೇ ಮನೆಯಲ್ಲಿ ಡಾರೊತಿ ಹಡೆದಳು, ಹಾಲೂಡಿಸಿದಳು, ಮಣ್ಣಿಗೂ ಇಟ್ಟಳು. ಭಾರತಕ್ಕೆ ಹೊರಡುವ ಮಾತು ಬರುವುದಕ್ಕೆ ಮೊದಲೇ ಆಕೆಯ ಇಬ್ಬರು ಹೆಣ್ಣುಮಕ್ಕಳು ಎಳವೆಯಲ್ಲಿ ತೀರಿಕೊಂಡಿದ್ದರು. ಉಳಿದವರು ಮೂವರು ಗಂಡುಮಕ್ಕಳು: ಫೆಲಿಕ್ಸ್, ವಿಲಿಯಂ, ಪೀಟರ್.

'ಬರಲಾರೆ'

1793ರ ಜನವರಿಯಲ್ಲಿ ಸಂಘದವರು ಬಂಗಾಳವನ್ನು ಆರಿಸಿದರು. ಅಲ್ಲಿ ಕೆಲವು ವರ್ಷ ಇದ್ದು ಬಂದಿದ್ದ ಜಾನ್ ಥಾಮಸ್ ಎಂಬ ವೈದ್ಯನ ಜೊತೆಗೆ ಕ್ಯಾರಿ ಹೊರಡುವುದೆಂದು ನಿಶ್ಚಯವಾಯಿತು. ಡಾರೊತಿ ಆಗ ತುಂಬಿದ ಬಸುರಿಯಾಗುತ್ತಿದ್ದಳು. ಫೆಬ್ರವರಿಯಲ್ಲಿ ಫ್ರಾನ್ಸ್ ದೇಶವು ಇಂಗ್ಲೆಂಡಿನ ಮೇಲೆ ಯುದ್ಧವನ್ನು ಸಾರಿತು. ಸಮುದ್ರದ ಮೇಲೆ ಶತ್ರುನೌಕೆಗಳ ಭಯ. ಇಂತಹ ಹೊತ್ತಿನಲ್ಲಿ ತವರನ್ನೂ ತಂಗಿಯರನ್ನೂ ಬಿಟ್ಟು, ಮೂವರು ಮಕ್ಕಳನ್ನು ಕೈಯಲ್ಲಿ ಹಿಡಿದು, ಒಂದನ್ನು ಗರ್ಭದಲ್ಲಿ ಹೊತ್ತು, ಐದು ತಿಂಗಳ ದಾರಿಗೆ ಹೊರಡಲು ಆಕೆ ಒಪ್ಪಲಿಲ್ಲ. ಇದನ್ನು ಹಟವೆಂದವರುಂಟು. ಯಾವ ಊರಿನ ಯಾವ ತಾಯಿ ಇದಕ್ಕೆ ಬೇರೆ ಉತ್ತರವನ್ನು ಕೊಟ್ಟಾಳು?

ಕೊನೆಗೆ ಕ್ಯಾರಿ ಹಿರಿಯ ಮಗ ಫೆಲಿಕ್ಸನೊಬ್ಬನನ್ನೇ ಕರೆದುಕೊಂಡು ಏಪ್ರಿಲ್ ತಿಂಗಳಲ್ಲಿ 'ಅರ್ಲ್ ಆಫ್ ಆಕ್ಸ್‌ಫರ್ಡ್' ಎಂಬ ಹಡಗನ್ನು ಹತ್ತಿದನು. ಹಡಗು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಬೆಂಗಾವಲಿಗಾಗಿ ವಾರಗಟ್ಟಲೆ ಕಾದು ನಿಂತಿತು. ಮಗು ಹುಟ್ಟಿದ ಸುದ್ದಿ ಆತನಿಗೆ ಮುಟ್ಟಿದ್ದು ಅಲ್ಲಿಯೇ. ಇಡೀ ಲೋಕವೇ ತನ್ನದಾಗಿದ್ದರೂ ಅದನ್ನು ಕೊಟ್ಟು ಮಡದಿಮಕ್ಕಳನ್ನು ಬಳಿಯಲ್ಲಿರಿಸಿಕೊಳ್ಳುತ್ತಿದ್ದೆನೆಂಬ ಅರ್ಥದಲ್ಲಿ ಮೇ 6ರಂದು ಆತನು ಆಕೆಗೆ ಕಾಗದ ಬರೆದನು. ಆದರೆ ಕರ್ತವ್ಯವು ಎಲ್ಲಕ್ಕಿಂತ ಮೇಲೆಂದು ಸೇರಿಸುವುದನ್ನು ಮರೆಯಲಿಲ್ಲ.

ಅಷ್ಟರಲ್ಲಿ ವಿಘ್ನವೊಂದು ಒದಗಿತು. ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಿಲ್ಲದೆ ಯಾರೂ ಬಂಗಾಳಕ್ಕೆ ಹೋಗುವಂತಿರಲಿಲ್ಲ. ಧರ್ಮಪ್ರಚಾರಕರಿಗೆ ಆ ಅಪ್ಪಣೆ ದೊರೆಯುವಂತೆಯೂ ಇರಲಿಲ್ಲ. ಥಾಮಸನ ಬೆನ್ನಿಗೆ ಸಾಲಗಾರರು ಬೇರೆ ಬಿದ್ದಿದ್ದರು. ನಾವಿಕನು ಇಬ್ಬರನ್ನೂ ಹಡಗಿನಿಂದ ಇಳಿಸಿಬಿಟ್ಟನು. ಹೀಗೆ ತಪ್ಪಿದ ಆ ಹಡಗೇ ಡಾರೊತಿಯ ಬಾಳನ್ನು ತಿರುಗಿಸಿತು. ಇನ್ನೊಂದು ಹಡಗು ಸಿಕ್ಕುವ ಸೂಚನೆ ಕಂಡೊಡನೆ ಗೆಳೆಯರಿಬ್ಬರೂ ಪಿಡಿಂಗ್ಟನ್ನಿಗೆ ಧಾವಿಸಿದರು. ಪ್ರಾರಂಭದಲ್ಲಿ ಹೇಳಿದ ಬೆಳಗು ಅದೇ.

ಆಕೆ ಬರಲಾರೆನೆಂದ ಮೇಲೆ ಇಬ್ಬರೂ ಹಣದ ಏರ್ಪಾಟಿಗೆಂದು ಹೊರಟರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಥಾಮಸನು ತಡೆದು ನಿಂತು, ತಾನು ಮರಳಿ ಹೋಗಿ ಮತ್ತೊಮ್ಮೆ ಕೇಳುವುದಾಗಿ ಹೇಳಿದನು. ವೃಥಾ ಕಾಲಹರಣವೆಂದನು ಕ್ಯಾರಿ. ಥಾಮಸನು ಕೇಳಲಿಲ್ಲ. ಬಾಣಂತಿಯ ಎದುರಿಗೆ ನಿಂತು, ಈಗ ಬಾರದಿದ್ದರೆ ಸಂಸಾರವು ಎಂದೆಂದಿಗೂ ಒಡೆದುಹೋಗುವುದೆಂದೂ, ಬದುಕಿರುವವರೆಗೂ ಆಕೆ ಇದಕ್ಕಾಗಿ ಪರಿತಪಿಸಬೇಕಾಗುವುದೆಂದೂ ನುಡಿದನು. ಆ ಮಾತಿಗೆ ಆಕೆ ಬೆದರಿದಳು. ತನ್ನ ತಂಗಿ ಕ್ಯಾಥರಿನ್ ಜೊತೆಗೆ ಬರುವುದಾದರೆ ತಾನೂ ಬರುವೆನೆಂದಳು. ಮನೆಯವರು ಪ್ರೀತಿಯಿಂದ ಕಿಟ್ಟಿ ಎಂದು ಕರೆಯುತ್ತಿದ್ದ ಆ ಹುಡುಗಿ ಹೂಂ ಎಂದಳು.

ಮುಂದಿನದೆಲ್ಲ ಒಂದು ದಿನದ ಕೆಲಸ. ಮನೆಯ ಸಾಮಾನುಗಳಲ್ಲಿ ಮಾರುವುದನ್ನು ಮಾರಿ, ಕಟ್ಟುವುದನ್ನು ಕಟ್ಟಿ, ಕೂಸನ್ನು ಹೊದಿಸಿಕೊಂಡು ಹೊರಟದ್ದಾಯಿತು. ನಮ್ಮ ಮನೆಗಳಲ್ಲಿ ಬಾಣಂತಿಯನ್ನು ಗಾಳಿಗೂ ಬಿಡದೆ ಕಾಪಾಡುವ ದಿನಗಳು ಅವು.

ಹಿಂದಿರುಗಿ ನೋಡಿದವಳು

ಜೂನ್ 13ರಂದು ಡೋವರ್ ತೀರದಿಂದ ಡೇನ್ಮಾರ್ಕಿನ ಹಡಗಾದ 'ಕ್ರೋನ್ ಪ್ರಿನ್ಸೆಸಾ ಮರಿಯಾ' ಹೊರಟಿತು. ಜೇಬೆಜ್ ಎಂದು ಹೆಸರಿಟ್ಟಿದ್ದ ಕೂಸಿಗೆ ಆಗ ಸುಮಾರು ಆರು ವಾರ. ಎಂಟು ಮಂದಿಗೂ ಪೂರ್ಣ ದರ ಕೊಡುವಷ್ಟು ಹಣ ಇರಲಿಲ್ಲವಾಗಿ ಥಾಮಸನೂ ಕಿಟ್ಟಿಯೂ ಸೇವಕರೆಂಬ ಲೆಕ್ಕದಲ್ಲಿ ಹತ್ತಿದರು. ಹಡಗಿನ ನಾಯಕನು ಸಜ್ಜನ. ಅವರನ್ನೂ ಸೇವಕರಂತೆ ಕಾಣಲಿಲ್ಲ. ಕ್ಯಾರಿಯ ಸಂಸಾರಕ್ಕೆ ವಿಶಾಲವಾದ ಕೋಣೆಯನ್ನು ಕೊಟ್ಟನು.

ಆ ಕಾಲಕ್ಕೆ ಸೂಯೆಜ್ ಕಾಲುವೆಯಿಲ್ಲ, ಉಗಿಹಡಗಿಲ್ಲ. ಆಫ್ರಿಕಾ ಖಂಡವನ್ನು ಸುತ್ತಿ ಗಾಳಿಯ ದಾಕ್ಷಿಣ್ಯದಲ್ಲಿ ಬರಬೇಕು. ದಾರಿಯಲ್ಲಿ ಒಂದು ರಾತ್ರಿ ಬಿರುಗಾಳಿಯ ಹೊಡೆತಕ್ಕೆ ಕೂವೆಮರಗಳ ತುದಿಗಳು ಮುರಿದುಬಿದ್ದವು. ಮೊಲೆಗೂಸನ್ನು ಎದೆಗವಚಿಕೊಂಡು, ಏಳು, ಐದು, ನಾಲ್ಕು ವರ್ಷಗಳ ಆಸುಪಾಸಿನ ಮೂವರು ಹುಡುಗರನ್ನು ಸುತ್ತಲೂ ಇಟ್ಟುಕೊಂಡು ತಾಯಿ ಆ ರಾತ್ರಿಯನ್ನು ಕಳೆದಳು.

ಬೈಬಲಿನಲ್ಲಿ ಲೋಟನ ಹೆಂಡತಿಯ ಕಥೆಯಿದೆ. ಬಿಟ್ಟುಬಂದ ಊರನ್ನು ಹಿಂದಿರುಗಿ ನೋಡಿದ್ದರಿಂದ ಆಕೆ ಉಪ್ಪಿನ ಕಂಬವಾದಳಂತೆ. ಆಫ್ರಿಕಾದ ದಕ್ಷಿಣದ ತುದಿಯನ್ನು ದಾಟುವವರೆಗೂ ಡಾರೊತಿ ಲೋಟನ ಹೆಂಡತಿಯ ಹಾಗಿದ್ದಳೆಂದು ಥಾಮಸನು ಬರೆದಿಟ್ಟಿದ್ದಾನೆ; ಅದನ್ನು ದಾಟಿದ ಮೇಲೆ ಪಿಡಿಂಗ್ಟನ್ ತೀರ ದೂರವಾಗಿಹೋದುದರಿಂದ ಬಂಗಾಳವನ್ನು ಸುಖವಾಗಿ ಮುಟ್ಟಿದರೆ ಸಾಕೆಂದು ಆಕೆ ಮನಸ್ಸನ್ನು ಮುಂದಕ್ಕೆ ತಿರುಗಿಸಿಕೊಂಡಳಂತೆ. ಹಾಸ್ಯಕ್ಕೆ ಬರೆದ ಮಾತಾಗಿದ್ದರೂ ಅದರಲ್ಲಿ ಒಬ್ಬ ಹೆಣ್ಣಿನ ಸಂಕಟವೆಲ್ಲ ಅಡಗಿದೆ.

ನೀರಿನ ನಡುವೆ ಅಲೆದಾಟ

ನವೆಂಬರಿನಲ್ಲಿ ಕಲ್ಕತ್ತೆ. ಕಂಪನಿಯ ಅಧಿಕಾರಿಗಳ ಕಣ್ಣಿಗೆ ಬೀಳದಂತೆ ಹೂಗ್ಲಿ ನದಿಯಲ್ಲಿ ಸಣ್ಣ ದೋಣಿಗೆ ಇಳಿದು ಅವರೆಲ್ಲ ದಡ ಸೇರಿದರು. ಮುಂದಿನ ಏಳೆಂಟು ತಿಂಗಳು ಒಂದು ಕಡೆ ನೆಲೆಯೆಂಬುದಿಲ್ಲ. ತಂದ ಹಣ ಥಾಮಸನ ಕೈಯಲ್ಲಿ ಕರಗಿಹೋಯಿತು. ಕಲ್ಕತ್ತೆಯ ಹೊರವಲಯದ ಮಾಣಿಕ್ತಲಾದಲ್ಲಿ ಯಾರೋ ದಯೆಯಿಂದ ಕೊಟ್ಟ ಚಿಕ್ಕ ಮನೆಯಲ್ಲಿ ಕೆಲವು ದಿನ ಕಳೆದುವು. ಅನ್ನ, ಸಾರುಗಳ ರೂಢಿಯಿಲ್ಲದ ಅಕ್ಕತಂಗಿಯರು ರೊಟ್ಟಿಗಾಗಿ ಹಂಬಲಿಸಿದರು. ಡಾರೊತಿಗೂ ಫೆಲಿಕ್ಸನಿಗೂ ರಕ್ತಭೇದಿ ಹತ್ತಿಕೊಂಡಿತು. ತಾಯಿಗಂತೂ ಅದು ತಿಂಗಳುಗಟ್ಟಲೆ ಬಿಡಲಿಲ್ಲ. ಹಾಲು ಕುಡಿಯುವ ಕೂಸು ಮಡಿಲಲ್ಲಿಯೇ ಇತ್ತು.

1794ರ ಫೆಬ್ರವರಿಯಲ್ಲಿ ಕ್ಯಾರಿ ಎಲ್ಲರನ್ನೂ ದೋಣಿಯಲ್ಲಿ ಕೂಡಿಸಿಕೊಂಡು ಸುಂದರವನದ ಕಡೆಗೆ ಹೊರಟನು. ಅಲ್ಲಿ ಕಾಡು ಕಡಿದು ಬೇಸಾಯ ಮಾಡುವ ಆಸೆ ಆತನದು. ಸುತ್ತಲೂ ಹುಲಿಗಳ ಕಾಟ. ದೇಬಹಟ್ಟ ಎಂಬಲ್ಲಿ ದಡ ಸೇರಿದಾಗ ದೋಣಿಯಲ್ಲಿ ಉಳಿದಿದ್ದುದು ಒಂದು ಹೊತ್ತಿನ ಆಹಾರ. ಕಂಪನಿಯ ಉಪ್ಪಿನ ಇಲಾಖೆಯ ಚಾರ್ಲ್ಸ್ ಶಾರ್ಟ್ ಎಂಬ ಆಂಗ್ಲನು ಅಪರಿಚಿತರಾದ ಆ ಏಳು ಮಂದಿಯನ್ನೂ ತನ್ನ ಬಂಗಲೆಗೆ ಕರೆದು ಅನ್ನವಿಟ್ಟನು. ಕ್ಯಾರಿಯ ಧರ್ಮಶ್ರದ್ಧೆಯಲ್ಲಿ ಶಾರ್ಟನಿಗೆ ಪಾಲಿರಲಿಲ್ಲ. ಹಸಿದವರನ್ನು ಕಂಡು ಮರುಗುವ ಹೃದಯವಿತ್ತು.

ಆ ಉಪಕಾರವೇ ಡಾರೊತಿಗೆ ಹೊಸದೊಂದು ಅಗಲಿಕೆಯನ್ನು ತಂದಿತು. ಶಾರ್ಟನೂ ಕಿಟ್ಟಿಯೂ ಪರಸ್ಪರ ಒಲಿದರು. ಕ್ಯಾರಿಗೆ ಉತ್ತರ ಬಂಗಾಳದ ಮುದ್ನಾಬಾಟಿಯಲ್ಲಿ, ಜಾರ್ಜ್ ಉಡ್ನಿ ಎಂಬ ವರ್ತಕನ ನೀಲಿ ಕಾರ್ಖಾನೆಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 200 ರೂಪಾಯಿ. ಸಂಸಾರವು ನದಿಯ ದಾರಿ ಹಿಡಿದು ಉತ್ತರಕ್ಕೆ ಹೊರಟಾಗ ಕಿಟ್ಟಿ ಹಿಂದೆ ಉಳಿದಳು, ಶಾರ್ಟನನ್ನು ಮದುವೆಯಾದಳು. ತಂಗಿ ಬರುವುದಾದರೆ ತಾನೂ ಬರುವೆನೆಂಬ ಒಂದೇ ಷರತ್ತನ್ನು ಹಾಕಿ ಹೊರಟಿದ್ದ ಅಕ್ಕನಿಗೆ ತವರಿನ ಆ ಒಂದು ಎಳೆಯೂ ಕೈಬಿಟ್ಟಿತು.

ಮುದ್ನಾಬಾಟಿಯ ಮಣ್ಣು

ಮುದ್ನಾಬಾಟಿಯಲ್ಲಿ ಮನೆಯಿತ್ತು, ಸಂಬಳವಿತ್ತು, ಹೊಟ್ಟೆಗೆ ಸಾಕಷ್ಟಿತ್ತು. ಮಳೆ ನಿಂತ ಮೇಲೆ ಜ್ವರ ಬಂದಿತು. ಮೊದಲು ಮಲಗಿದವನು ಕ್ಯಾರಿ. ಆತನು ಏಳುವಷ್ಟರಲ್ಲಿ ಐದು ವರ್ಷದ ಪೀಟರ್ ಭೇದಿಯಿಂದ ಹಾಸಿಗೆ ಹಿಡಿದನು. ತಂದೆಗಿಂತ ಬೇಗ ಬಂಗಾಳಿಯನ್ನು ನಾಲಗೆಗೆ ತಂದುಕೊಂಡಿದ್ದ ಹುಡುಗನು ಆ ಶರತ್ಕಾಲದಲ್ಲಿಯೇ ಕಣ್ಣುಮುಚ್ಚಿದನು.

ಹೆಣವನ್ನು ಮುಟ್ಟಿದರೆ ಜಾತಿ ಕೆಟ್ಟೀತೆಂಬ ಅಂಜಿಕೆಯಿಂದ ಗುಂಡಿ ತೋಡಲು ಯಾರೂ ಮುಂದೆ ಬರಲಿಲ್ಲ. ಬಹಳ ಬೇಡಿಕೊಂಡ ಮೇಲೆ ನಾಲ್ವರು ಮುಸಲ್ಮಾನರು ಒಪ್ಪಿದರು. ಆ ಉಪಕಾರಕ್ಕಾಗಿ ಊರಿನವರಿಂದ ಬಹಿಷ್ಕಾರದ ಬೆದರಿಕೆಯನ್ನೂ ಅವರು ಎದುರಿಸಬೇಕಾಯಿತು. ಮಣ್ಣು ಮುಚ್ಚಿ ಬಂದ ತಂದೆ ಬೈಬಲಿನ ಬಂಗಾಳಿ ಅನುವಾದಕ್ಕೆ ಕುಳಿತನು. ಆತನಿಗೆ ದುಃಖವನ್ನು ನೀಗುವ ದಾರಿ ಅದು. ತಾಯಿಗೆ ಅಂತಹ ದಾರಿ ಇರಲಿಲ್ಲ. ಅಕ್ಷರವಿಲ್ಲ, ನೆರೆಹೊರೆಯ ಭಾಷೆಯಿಲ್ಲ, ಬಳಿಯಲ್ಲಿ ತಂಗಿಯಿಲ್ಲ. ಮೂರನೆಯ ಮಗುವನ್ನು ಮಣ್ಣಿಗಿಟ್ಟ ಹೆಣ್ಣು ಯಾರ ಹೆಗಲಿಗೆ ಒರಗಿ ಅಳಬೇಕು?

1795ರ ಪ್ರಾರಂಭದಿಂದ ಆಕೆಯ ಬುದ್ಧಿ ಕದಡಿತು. ಗಂಡನು ಪರಸ್ತ್ರೀಯರ ಸಂಗದಲ್ಲಿದ್ದಾನೆಂಬ ಭ್ರಮೆ ತಲೆಯಲ್ಲಿ ಬೇರೂರಿತು. ಆತನು ಹೋದಲ್ಲೆಲ್ಲ ಹಿಂಬಾಲಿಸಿ ಆಳುಕಾಳುಗಳ ಎದುರಿನಲ್ಲಿ ದೂಷಿಸುವಳು; ಕೆಲವು ಸಲ ಆತನ ಪ್ರಾಣಕ್ಕೇ ಅಪಾಯವೊದಗಿತ್ತು. ಉಳಿದ ವಿಷಯಗಳಲ್ಲಿ ಆಕೆಯ ಮಾತು ಸರಿಯಾಗಿಯೇ ಇರುತ್ತಿತ್ತಾದ್ದರಿಂದ, ಕೇಳಿದವರು ನಂಬುವಂತೆಯೂ ಇತ್ತು. ಈ ಸ್ಥಿತಿಯಲ್ಲಿಯೇ 1796ರ ಜನವರಿಯಲ್ಲಿ ಆಕೆ ಜೊನಾಥನ್ ಎಂಬ ಮಗನನ್ನು ಹೆತ್ತಳು. ಕೊನೆಗೆ ಆಕೆಯನ್ನು ಕೋಣೆಯಲ್ಲಿ ಕೂಡಿಹಾಕಿ ಕಾಯಬೇಕಾಯಿತು.

ತಾಯಿಯ ಬುದ್ಧಿ ಕದಡತೊಡಗಿದಾಗ, ಹಡಗಿನಲ್ಲಿ ಎದೆಗವಚಿ ತಂದ ಜೇಬೆಜನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಸ್ವಸ್ಥಳಾಗಿದ್ದ ತಾಯಿಯ ನೆನಪು ಆ ಮಗುವಿಗೆ ಉಳಿಯುವ ವಯಸ್ಸಲ್ಲ ಅದು.

ಒಂದು ಭಾನುವಾರ

1800ರ ಜನವರಿಯಲ್ಲಿ ಸಂಸಾರವು ಡೇನ್ಮಾರ್ಕಿನ ಆಡಳಿತಕ್ಕೆ ಸೇರಿದ್ದ ಸೆರಾಂಪುರಕ್ಕೆ ಬಂದಿತು. ಹಿಂದಿನ ವರ್ಷ ಇಂಗ್ಲೆಂಡಿನಿಂದ ಬಂದಿದ್ದ ಮಾರ್ಷ್‌ಮನ್, ವಾರ್ಡ್ ಮೊದಲಾದವರೊಡನೆ ಅಲ್ಲಿ ಒಂದೇ ಕುಟುಂಬದಂತೆ ಬಾಳುವ ಏರ್ಪಾಟಾಯಿತು. ತಾಯಿಯ ಆರೈಕೆಯಿಲ್ಲದೆ ಉಡಾಳರಾಗಿ ಬೆಳೆಯುತ್ತಿದ್ದ ಕ್ಯಾರಿಯ ಹುಡುಗರನ್ನು ಹನ್ನಾ ಮಾರ್ಷ್‌ಮನ್ ಎಂಬ ಸಾಧ್ವಿ ತನ್ನ ಮಕ್ಕಳ ಜೊತೆಗೆ ಸೇರಿಸಿಕೊಂಡಳು.

ಆ ವರ್ಷದ ಡಿಸೆಂಬರ್ 28, ಭಾನುವಾರ. ಏಳು ವರ್ಷಗಳ ದುಡಿಮೆಯ ಮೊದಲ ಫಲವಾಗಿ ಕೃಷ್ಣಪಾಲನೆಂಬ ಬಡಗಿ ಹೂಗ್ಲಿಯ ನೀರಿನಲ್ಲಿ ದೀಕ್ಷಾಸ್ನಾನವನ್ನು ಪಡೆದನು. ಅವನೊಡನೆ ಫೆಲಿಕ್ಸನೂ ಅಂದೇ ಪಡೆದನು. ದಡದಲ್ಲಿ ಜನ ನೆರೆದಿದ್ದರು, ಸ್ತೋತ್ರಗಾನ ನಡೆದಿತ್ತು. ಅತ್ತ ಕಟ್ಟಡದೊಳಗೆ ಒಂದು ಕೋಣೆಯಲ್ಲಿ ಡಾರೊತಿಯ ಕೂಗಾಟ. ಇನ್ನೊಂದು ಕಡೆ, ಇಷ್ಟು ವರ್ಷ ಹಂಬಲಿಸಿದ ಗಳಿಗೆ ಬಂದಿತೆಂಬ ಆನಂದದ ಆವೇಗದಲ್ಲಿ ಮತಿ ಕೆಟ್ಟ ಥಾಮಸನ ಕೂಗಾಟ. ಪಿಡಿಂಗ್ಟನ್ನಿನ ಆ ಬೆಳಗಿನಲ್ಲಿ ಬಾಣಂತಿಯನ್ನು ಬೆದರಿಸಿ ಒಪ್ಪಿಸಿದವನೂ, ಬೆದರಿ ಒಪ್ಪಿದವಳೂ ಹೀಗೆ ಕೂಡಿಬಂದರು. ಥಾಮಸನು ಮರುವರ್ಷವೇ ತೀರಿಕೊಂಡನು.

1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಗಿ ಹೊರಬಿದ್ದಿತು. ಅದೇ ವರ್ಷ ಕ್ಯಾರಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕನಾದನು. ಬಂಗಾಳಿ, ಮರಾಠಿ, ಸಂಸ್ಕೃತ ವ್ಯಾಕರಣಗಳು ಒಂದರ ಹಿಂದೊಂದು ಬಂದುವು. ಆ ಹಾಳೆಗಳನ್ನು ಆತನು ತಿದ್ದುತ್ತಿದ್ದಾಗ ಅನೇಕ ವೇಳೆ ಪಕ್ಕದ ಕೋಣೆಯಿಂದ ಡಾರೊತಿಯ ಅಳುವೂ ಬೈಗಳೂ ಕೇಳಿಬರುತ್ತಿದ್ದುವು. ಆತನು ಆಕೆಯನ್ನು ದೂರವಿಡಲಿಲ್ಲ. ಹನ್ನೆರಡು ವರ್ಷ ತನ್ನ ಮನೆಯಲ್ಲಿಯೇ ಇರಿಸಿಕೊಂಡನು. ಇದನ್ನು ಆತನ ಪರವಾಗಿ ಹೇಳಲೇಬೇಕು.

1807ರ ಡಿಸೆಂಬರ್ 8ರಂದು ಡಾರೊತಿ ಜ್ವರದಿಂದ ತೀರಿಕೊಂಡಳು. ವಯಸ್ಸು ಐವತ್ತೊಂದರ ಸುಮಾರು. ಮುಂದಿನ ವರ್ಷ ಕ್ಯಾರಿ ಷಾರ್ಲಟ್ ರೂಮೋರ್ ಎಂಬ ಡೇನ್ಮಾರ್ಕಿನ ವಿದುಷಿಯನ್ನು ಮದುವೆಯಾದನು.

ಕೂಸಿನ ಸರದಿ

ಜೇಬೆಜನು ಬೆಳೆದು ಇಪ್ಪತ್ತು ದಾಟಿದನು. 1814ರ ಜನವರಿಯಲ್ಲಿ ಮದುವೆ ಮಾಡಿಕೊಂಡು, ಧರ್ಮಪ್ರಚಾರದ ದೀಕ್ಷೆಯನ್ನೂ ಪಡೆದು, ಹೊಸ ಹೆಂಡತಿಯೊಡನೆ ಈಗ ಇಂಡೋನೇಷ್ಯಕ್ಕೆ ಸೇರಿರುವ ಅಂಬೋಯ್ನಾ ದ್ವೀಪಕ್ಕೆ ಹಡಗು ಹತ್ತಿದನು. ಆರು ವಾರದ ಕೂಸಾಗಿ ಸಮುದ್ರ ದಾಟಿದವನು ತಾನೇ ಯಜಮಾನನಾಗಿ ಮತ್ತೆ ಸಮುದ್ರಕ್ಕಿಳಿದನು. ತಂದೆಗೆ ಹಿಡಿಸಲಾರದಷ್ಟು ಸಂತೋಷ. ಅದೇ ವರ್ಷ ಬರ್ಮಾ ದೇಶದಲ್ಲಿದ್ದ ಫೆಲಿಕ್ಸನ ಹಡಗು ಐರಾವತಿ ನದಿಯಲ್ಲಿ ಮಗುಚಿ ಆತನ ಹೆಂಡತಿಮಕ್ಕಳು ಮುಳುಗಿಹೋದರು. ಈಜಿ ದಡ ಸೇರಿದವನು ತಾನು ಮಾತ್ರ.

ಕನ್ನಡ ನಾಡಿಗೆ ಎಂದೂ ಕಾಲಿಡದ ಕ್ಯಾರಿ ಕನ್ನಡವನ್ನೂ ಕಲಿತನು. 1812ರ ಮಾರ್ಚ್ ತಿಂಗಳಲ್ಲಿ ಸೆರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಅನೇಕ ಭಾಷೆಗಳ ಹಸ್ತಪ್ರತಿಗಳು ಬೂದಿಯಾದುವು. ಅವುಗಳಲ್ಲಿ ಕನ್ನಡದವೂ ಇದ್ದುವು. ಆದರೂ ಎದೆಗುಂದದೆ ಕುಳಿತು 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದನು. ಕನ್ನಡಿಗರು ಆತನಿಗೆ ಋಣಿಗಳಾಗಿರುವುದು ನ್ಯಾಯ.

ಡಾರೊತಿ ತನ್ನ ಪಾಡನ್ನು ತಾನೇ ಬರೆದಿಟ್ಟ ದಿನಚರಿಯಿಲ್ಲ. ಆಕೆಯ ವಿಷಯದಲ್ಲಿ ಮಾತನಾಡಿದವರು ಬಹುಮಟ್ಟಿಗೆ ಗಂಡಸರು. ಬಹುಕಾಲ ಆಕೆಯನ್ನು ಮಹಾಪುರುಷನ ಹೆಗಲಿಗೆ ಬಿದ್ದ ಹೊರೆಯೆಂದೇ ಚರಿತ್ರಕಾರರು ಬರೆದರು. 1992ರಲ್ಲಿ ಜೇಮ್ಸ್ ಬೆಕ್ ಎಂಬ ಅಮೆರಿಕದ ವಿದ್ವಾಂಸರು ಆಕೆಯದೇ ಜೀವನಚರಿತ್ರೆಯನ್ನು ಬರೆದು, ಹೊರೆಯನ್ನು ಹೊತ್ತವರು ಯಾರು ಎಂಬ ಪ್ರಶ್ನೆಯನ್ನು ತಿರುಗಿಸಿ ಇಟ್ಟರು. ಇಂದಿಗೂ ಸೇವಾಕಾರ್ಯಕ್ಕೆಂದು ಎಳೆಯ ಕೂಸುಗಳನ್ನೆತ್ತಿಕೊಂಡು ಹೊರದೇಶಗಳಿಗೆ ಹೋಗುವ ದಂಪತಿಗಳಿದ್ದಾರೆ. ಕಳುಹಿಸುವ ಅನೇಕ ಸಂಘಗಳು ಈಗ ಗಂಡನನ್ನು ಮಾತ್ರವಲ್ಲದೆ ಹೆಂಡತಿಯನ್ನೂ ಕೂರಿಸಿ ಕೇಳುತ್ತವೆ. ಆಕೆಯ ಆರೋಗ್ಯವನ್ನೂ ಮನಸ್ಸನ್ನೂ ವಿಚಾರಿಸುತ್ತವೆ.

ಪಿಡಿಂಗ್ಟನ್ನಿನಲ್ಲಿ ಡಾರೊತಿಯನ್ನೂ ಕೇಳಿದರು. ಆಕೆ ಉತ್ತರವನ್ನೂ ಕೊಟ್ಟಳು. ಆ ಉತ್ತರವನ್ನು ಸ್ವೀಕರಿಸಿ ದಾರಿ ಹಿಡಿದಿದ್ದ ಇಬ್ಬರಲ್ಲಿ ಒಬ್ಬನು ಹಿಂದಿರುಗಿ ಬಂದು ಮತ್ತೊಮ್ಮೆ ಬಾಗಿಲು ತಟ್ಟಿದನು. ಮದುವೆಯ ಪುಸ್ತಕದಲ್ಲಿ ಒಂದು ಅಡ್ಡಗೀಟಿನ ಗುರುತನ್ನು ಹಾಕಿದ ಹೆಣ್ಣಿನ ಬಾಳು ಆ ಎರಡನೆಯ ಸಲದ ತಟ್ಟುವಿಕೆಯಲ್ಲಿ ತೀರ್ಮಾನವಾಗಿಹೋಯಿತು.